ಭಂಡಾರ ಹತ್ತಿದ ಮೊಲ

ಶೇಂಗಾ ಹುರಿದು ಮೊರಕ್ಕೆ ಹಾಕಿಕೊಂಡು ಸಿಪ್ಪೆ ತಿಕ್ಕುತ್ತಿದ್ದೆ. ಮನೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ತೀರಿತ್ತು. ಫೋನು ಬಂದಾಗ ಅಂಗೈ ತುಂಬ ಕೆಂಪು ಸಿಪ್ಪೆ. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ತಂಗಿಯ ಗಂಡ ಮಾತಾಡಿದರು.

"ಅಕ್ಕಾರ, ಈಕಿ ಮೊಲದ ಶೆಡ್ಡಿನ್ಯಾಗ ಬಿದ್ದಾಳ್ರಿ. ಬಾಯಿ ಒಂದ ಕಡೆ ಹೋಗೇತಿ. ಬಲಗೈ ಎತ್ತವಲ್ಲಳು. ಗಾಡಿ ಮಾಡ್ಕೊಂಡು ವಿಜಾಪುರಕ್ಕ ಬರಾಕತ್ತೇವಿ. ಸಾರವಾಡ ದಾಟೇವಿ."

"ಬರ್ರಿ" ಎಂದೆ. ಅಷ್ಟೇ ಅಂದದ್ದು. ಆಮೇಲೆ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ ಸಿಪ್ಪೆ ಹಾರಿಸಿದೆ. ಜೋರಾಪುರ ಪೇಟೆಯ ನಮ್ಮ ಮನೆಗೆ ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲಿನಷ್ಟು ಜಾಗ. ಸಿಪ್ಪೆ ಹಾರಿ ಪಕ್ಕದ ಮನೆಯವರ ಒಣಹಾಕಿದ ಸೀರೆಗೆ ಹತ್ತಿತು. ಅದನ್ನೂ ಕೊಡವಿದೆ. ಕಾಳು ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ದೇವರ ಮುಂದೆ ದೀಪ ಹಚ್ಚಿ, ಚಪ್ಪಲಿ ಹಾಕಿಕೊಂಡೆ. ಅಳು ಬರಲಿಲ್ಲ. ಬರಬೇಕಿತ್ತು ಎಂದು ಅನ್ನಿಸಿದ್ದು ಮಾತ್ರ ನೆನಪಿದೆ.

ಲಕ್ವಾ ಎಂದರು ಡಾಕ್ಟರು. ಬಲಗೈ, ಬಲಗಾಲು ಹೋದವು; ಮಾತು ಹೋಯಿತು. ಜೀವ ಉಳಿಯಿತು. ನುಂಗಲು ಬರುತ್ತದೆ, ಕಣ್ಣು ಕಾಣುತ್ತವೆ, ನಮ್ಮನ್ನು ಗುರುತು ಹಿಡಿಯುತ್ತಾಳೆ. ಇದನ್ನೆಲ್ಲ ನಾನು ದಿನಾ ದೇವರ ಮುಂದೆ ಒಂದೊಂದಾಗಿ ಹೇಳುತ್ತಿದ್ದೆ, ಕೊಟ್ಟದ್ದನ್ನು ಮರೆತಿಲ್ಲ ಎಂದು ಅವನಿಗೆ ಗೊತ್ತಿರಲಿ ಅಂತ. ಹೇಳುವಾಗ ಎದೆಯಲ್ಲಿ ಏನೂ ಆಡುತ್ತಿರಲಿಲ್ಲ. ಬಾಯಿ ಹೇಳುತ್ತಿತ್ತು.

ತಂಗಿಯ ಮನೆ ಬಬಲೇಶ್ವರದ ಹೊರಗೆ, ಹೊಲದಲ್ಲಿ. ಕುರಿ ಸಾಕಿದ ಮನೆತನ. ಈಗ ಕುರಿ ಕಡಿಮೆ, ಒಕ್ಕಲುತನ ಹೆಚ್ಚು. ಕೃಷಿ ಮೇಳ ನೋಡಲು ಹೋದ ಗಂಡ ಒಂದು ಜೋಡಿ ಮೊಲ ತಂದು ಆಕೆಯ ಕೈಗೆ ಕೊಟ್ಟಿದ್ದರು. ಬೂದಿ ಬಣ್ಣದ ಮೊಲ. ಚಿಂಚಿಲ್ಲಾ ಅನ್ನುತ್ತಾರೆ. ಅದು ಬೇರೆ ದೇಶದ ಗುಡ್ಡದಲ್ಲಿರುವ, ಇಲಿಯ ಜಾತಿಯ ಪ್ರಾಣಿಯ ಹೆಸರಂತೆ. ಅದರ ಬಣ್ಣ ಹೊತ್ತು ಹುಟ್ಟಿದ ಮೊಲಕ್ಕೂ ಅದೇ ಹೆಸರು. ತಂಗಿಯ ಅತ್ತೆ ಇದನ್ನು ಕೇಳಿ, "ಕುರಿ ಕಾಯೂ ಮನಿತನದಾಗ ಇಲಿ ಮೇಯಸಾಕ ಬಂದಾಳ ನಮ್ಮ ಸೊಸಿ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಜೋಡಿ ಹೋಗಿ ಶೆಡ್ಡು ಆಯಿತು. ತಂಗಿ ಫೋನಿನಲ್ಲಿ ನೋಡಿ ನೋಡಿ ಕಲಿತಳು. ಮೊಲದಲ್ಲಿ ಶೋ ಬೇರೆ, ಪೆಟ್ ಬೇರೆ ಎಂದು ನನಗೆ ಹೇಳಿಕೊಟ್ಟವಳು ಅವಳೇ. ಕಿವಿ ಎರಡೂ ನೆಟ್ಟಗೆ ನಿಂತು, ಮೈಬಣ್ಣ ಎಲ್ಲ ಕಡೆ ಒಂದೇ ಸಮ ಇದ್ದು, ಹೊಟ್ಟೆ ಬೆಳ್ಳಗೆ, ಉಗುರು ಕಪ್ಪಗೆ ಇದ್ದರೆ ಅದು ಶೋ. ಪ್ರದರ್ಶನಕ್ಕೆ ಇಡುವವರು ಹುಡುಕಿಕೊಂಡು ಬರುತ್ತಾರೆ. ಒಂದು ಕಿವಿ ಜೋತರೆ, ಎಲ್ಲೋ ಬಿಳಿ ಕಲೆ ಇದ್ದರೆ, ಬಣ್ಣ ಕಂದು ತಿರುಗಿದ್ದರೆ ಪೆಟ್. ಅಂಗಡಿಗೆ ಹೋಗಿ ಯಾರದೋ ಮನೆಯ ಮಕ್ಕಳ ಕೈಗೆ ಬೀಳುತ್ತದೆ. ಇಷ್ಟೆಲ್ಲ ಇದ್ದರೂ ಕಡೆಯ ಪರೀಕ್ಷೆ ಊದುವುದು.

ಒಂದು ಸಲ ದೊಡ್ಡ ಹೆಣ್ಣು ಮೊಲವನ್ನು ಮಡಿಲಿಗೆ ಹಾಕಿಕೊಂಡು ಅದರ ಬೆನ್ನಿನ ಮೇಲೆ ಊದಿ ತೋರಿಸಿದ್ದಳು. ಕೂದಲು ಬಿಚ್ಚಿಕೊಂಡು ಒಂದು ಗುಂಡಿ ಬಿತ್ತು. ಬುಡದಲ್ಲಿ ಬರೆಯುವ ಪಾಟಿಯ ಬಣ್ಣ, ಅದರ ಸುತ್ತ ಮುತ್ತಿನ ಬಿಳುಪು, ತುದಿಗೆ ಕಪ್ಪು. ಉಂಗುರದೊಳಗೆ ಉಂಗುರ.

"ನೋಡಬೇ ಅಕ್ಕಾ, ಯಾರೂ ಊದಲಿಲ್ಲಂದ್ರ ಇದು ಒಳಗ ಹಿಂಗೈತಿ ಅಂತ ಗೊತ್ತ ಆಗಂಗಿಲ್ಲ."

"ಇದನ್ನ ಯಾರ ಊದತಾರ?"

"ಶೋದಾಗ ಜಜ್ ಊದತಾರ."

"ಅವರಿಗೆ ಬ್ಯಾರೆ ಉದ್ಯೋಗ ಇಲ್ಲೇನ?" ಎಂದಿದ್ದೆ. ನಕ್ಕು ನಕ್ಕು ಮೊಲವನ್ನೇ ಬಿಟ್ಟುಬಿಟ್ಟಿದ್ದಳು. ಅದು ಹೋಗಿ ಅತ್ತೆಯ ಹಾಸಿಗೆಯಲ್ಲಿ ಕೂತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಂಗಿ ಆ ಹೆಣ್ಣು ಮೊಲವನ್ನು ಬಿಟ್ಟು ಇರುತ್ತಿರಲಿಲ್ಲ. ಬಾಗಿಲ ಕಡೆ ಕಣ್ಣು ಇಟ್ಟು ಎಡಗೈಯಿಂದ ಮಂಚ ಬಡಿದರೆ ಅದನ್ನು ತಂದು ಮಡಿಲಲ್ಲಿ ಇಡಬೇಕು. ಇಟ್ಟರೆ ಗಂಜಿ ಕುಡಿಯುತ್ತಾಳೆ, ಇಲ್ಲದಿದ್ದರೆ ಬಾಯಿ ಬಿಗಿ ಹಿಡಿಯುತ್ತಾಳೆ. ಆದರೆ ಶೆಡ್ಡು ನೋಡುವವರು ಯಾರು? ಗಂಡನಿಗೆ ಹೊಲ, ಅತ್ತೆಗೆ ಸೊಂಟನೋವು. ನಾನು ವಾರಕ್ಕೊಮ್ಮೆ ಬಸ್ಸಿಗೆ ಹೋಗಿ ಬರುವವಳು. ಬೇಸಿಗೆಯಲ್ಲಿ ಶೆಡ್ಡಿಗೆ ಗೋಣಿತಟ್ಟು ತೋಯಿಸಿ ಹಾಕದೆ ಕೆಲವು ಮೊಲ ಸತ್ತೂ ಹೋದವು. ತಂಗಿಯ ಗಂಡ ತಿಕೋಟಾದ ಒಬ್ಬ ಸಾವಕಾರರನ್ನು ಕರೆಸಿದರು. ಅವರದು ಒಣದ್ರಾಕ್ಷಿ ವ್ಯಾಪಾರ. ಶೋಕಿಗೆ ಪಾರಿವಾಳ, ಮೊಲ. ಪುಣೆಯ ಕಡೆ ಪ್ರದರ್ಶನಕ್ಕೂ ಹೋಗುತ್ತಾರಂತೆ. ಫೋಟೋ ನೋಡಿ, ಆ ದೊಡ್ಡ ಹೆಣ್ಣನ್ನು ಕೊಟ್ಟರೆ ಉಳಿದವನ್ನೂ ಒಯ್ಯುತ್ತೇನೆ ಎಂದಿದ್ದರು. ಗಂಡ ಹೂಂ ಅಂದಿದ್ದರು.

ಆ ಮಾತು ಕಿವಿಗೆ ಬಿದ್ದಾಗಿನಿಂದ ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಹೋದರೂ ತಿರುಗಲಿಲ್ಲ. "ಮಾತ ಹೋದ್ರೂ ಹಟ ಹೋಗಿಲ್ಲ ನೋಡವಾ ನಿನ್ನ ತಂಗೀದು" ಎಂದರು ಅತ್ತೆ. ಬೈದದ್ದೋ ಮೆಚ್ಚಿದ್ದೋ ತಿಳಿಯಲಿಲ್ಲ. ಗಂಡ ಬಾಗಿಲಲ್ಲಿ ನಿಂತು, "ನಾ ಏನ ಮಾಡ್ಲಿರಿ ಅಕ್ಕಾರ? ಒಂದ ಮೊಲಕ್ಕ ಅಂತ ಎಲ್ಲಾ ಸಾಯಿಸೂಣೇನ್ರಿ?" ಎಂದರು. ಅವರದೂ ಸುಳ್ಳಲ್ಲ. ನನಗೆ ಸಿಟ್ಟೂ ಬರಲಿಲ್ಲ.

ಸಾವಕಾರರು ಬಂದದ್ದು ಶನಿವಾರ. ಶೆಡ್ಡಿನಲ್ಲಿ ಒಂದೊಂದನ್ನೇ ಕಿವಿ ನೀವಿ, ಉಗುರು ತಿರುವಿ, "ಪೆಟ್, ಪೆಟ್, ಇದೂ ಪೆಟ್" ಎಂದು ಬುಟ್ಟಿಗೆ ಇಳಿಸಿದರು. ದ್ರಾಕ್ಷಿಯನ್ನೂ ಹಾಗೆಯೇ ಆರಿಸುತ್ತಾರೇನೋ. ಆಮೇಲೆ ಒಳಗೆ ಬಂದರು. ತಂಗಿ ಎಡಗೈಯಲ್ಲಿ ಮೊಲವನ್ನು ಅಪ್ಪಿ ಹಿಡಿದಿದ್ದಳು. ಗಂಡ ಬೆರಳು ಬಿಡಿಸಿ ಎತ್ತಿಕೊಟ್ಟರು. ಅವಳು ನನ್ನನ್ನು ನೋಡಿದಳು. ನಾನು ಅವಳ ಹೊದಿಕೆ ಸರಿಮಾಡಿದೆ.

ಸಾವಕಾರರು ಮೊಲವನ್ನು ಮೇಜಿನ ಮೇಲೆ ಕೂರಿಸಿದರು. ಕಿವಿ ನೋಡಿದರು. ಹೊಟ್ಟೆ ನೋಡಿದರು. ಪಕ್ಕೆಗೆ ಬಾಯಿ ಹತ್ತಿರ ತಂದು ಊದಿದರು.

"ಆಹಾ. ಇದು ಶೋ ನೋಡ್ರಿ."

ತಂಗಿಯ ಗಂಟಲಿನಿಂದ ಒಂದು ಸಪ್ಪಳ ಬಂತು. ಯಾರೂ ತಿರುಗಿ ನೋಡಲಿಲ್ಲ. ಸಾವಕಾರರು ಮೊಲವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಣೆಯ ಮೇಲೆ ಊದಿದರು. ಬೆನ್ನಿನ ನಡುಸಾಲಿನಲ್ಲಿ ಊದಿದರು. ಮತ್ತೊಮ್ಮೆ ಊದಿದರು.

"ಇದೇನ್ರಿ ಅಣ್ಣಾರ, ಹಳದಿ?"

ಕರವಸ್ತ್ರ ತೋಯಿಸಿ ತಿಕ್ಕಿದರು. ವಸ್ತ್ರಕ್ಕೂ ಹತ್ತಿತು, ಕೂದಲಲ್ಲೂ ಉಳಿಯಿತು. ಮುತ್ತಿನ ಬಿಳುಪು ಇರಬೇಕಾದ ಉಂಗುರ ಹಳದಿಯಾಗಿತ್ತು.

"ಭಂಡಾರಪ್ಪಾ ಅದು" ಎಂದರು ಅತ್ತೆ.

ಭಂಡಾರವೆಂದರೆ ಮನೆದೇವರ ಅರಿಶಿಣ. ಆ ಮನೆಯಲ್ಲಿ ಐತವಾರ ದೇವರಿಗೆ ಏರಿಸಿದ ಭಂಡಾರ ಹೊಸ್ತಿಲಿಗೆ, ಆಮೇಲೆ ಕುರಿಯ ಹಣೆಗೆ, ಎತ್ತಿಗೆ, ನಾಯಿಗೆ. ಮನೆಯಲ್ಲಿ ಉಸಿರಾಡುವುದೆಲ್ಲ ದೇವರ ಹಿಂಡು ಎಂದು ಅತ್ತೆ ಸೊಸೆಗೆ ಕಲಿಸಿದ್ದರು. ಕುರಿಯ ಉಣ್ಣೆಗೆ ಅರಿಶಿಣ ಹತ್ತಿದರೆ ಕೇಳುವವರಿಲ್ಲ. ತಂಗಿ ಶೆಡ್ಡಿನ ಮೊಲಗಳನ್ನು ಬಿಟ್ಟು ಈ ಒಂದಕ್ಕೆ ಮಾತ್ರ ಹಚ್ಚುತ್ತಿದ್ದಳು. ಮನೆಯೊಳಗೆ ಬರುವ ಮೊಲ ಇದೊಂದೇ. ಹಣೆಗೆ ಒತ್ತಿ, ಅದೇ ಅಂಗೈಯನ್ನು ಬಾಲದವರೆಗೆ ಎಳೆಯುತ್ತಿದ್ದಳು. ಬಣ್ಣದ ಶಾಸ್ತ್ರವೆಲ್ಲ ಕಲಿತವಳಿಗೆ ಇದು ಹೊಳೆದಿರಲಿಲ್ಲ. ಭಂಡಾರ ಬಣ್ಣವೆಂದು ನಮ್ಮಲ್ಲಿ ಯಾರಿಗೆ ತಾನೆ ಹೊಳೆಯುತ್ತದೆ? ಅವಳು ಬಿದ್ದ ಮೇಲೆ ಅತ್ತೆ ತಪ್ಪಿಸದೆ ಹಚ್ಚುತ್ತಾ ಬಂದಿದ್ದರು.

"ದೇವರದ್ದು ಅಂದ್ಮ್ಯಾಲ ನಾ ಏನೂ ಅನ್ನಂಗಿಲ್ರಿ ಯವ್ವಾರ" ಎಂದರು ಸಾವಕಾರರು. "ಆದ್ರ ಜಜ್ಜಗ ನಿಮ್ಮ ದೇವರ ಪರಿಚಯ ಇಲ್ಲ. ಬಣ್ಣ ಕೆಟ್ಟೈತಿ ಅಂತಾನ. ಸದ್ಯಕ ಇದು ಪೆಟ್ ಆತ್ರಿ."

"ತೊಳದ್ರ ಹೋಗಂಗಿಲ್ಲೇನ್ರಿ?" ಎಂದು ಗಂಡ ಕೇಳಿದರು.

"ಧೋತರ ಅಲ್ಲರಿ ಅಣ್ಣಾರ, ಮೊಲ. ಹಳೇ ರೋಮ ಉದುರಿ ಹೊಸಾವು ಬಂದ್ರ ಚೊಕ್ಕ ಆಕೈತಿ. ಉಳದಾವನ್ನ ಈಗ ಒಯ್ತೇನಿ. ಇದನ್ನ ದೀಪಾವಳಿ ಮುಗದ ಮ್ಯಾಲ ಬಂದು ನೋಡತೇನಿ. ಚೊಕ್ಕ ಇತ್ತಂದ್ರ ನಂದು, ಇಲ್ಲಂದ್ರ ನಿಮ್ಮದು. ಅಲ್ಲಿತನಕ ಏನೂ ಹಚ್ಚಬ್ಯಾಡ್ರಿ."

ಗಂಡ ಆಗಲಿ ಅಂದರು. ಬುಟ್ಟಿಗಳು ಗಾಡಿ ಏರಿದವು. ನಾನು ಮೊಲವನ್ನು ತಂಗಿಯ ಮಡಿಲಿಗೆ ಇಟ್ಟೆ. ಅವಳು ಅವತ್ತು ಗಂಜಿ ಕುಡಿದಳು, ಬಟ್ಟಲು ಖಾಲಿಯಾಗುವವರೆಗೆ. ಅದನ್ನು ದೇವರಿಗೆ ಹೇಳಿದೆ. ದೀಪಾವಳಿಯವರೆಗೆ ಎಂದೂ ಹೇಳಿದೆ.

ಆ ರಾತ್ರಿ ಅಲ್ಲೇ ಉಳಿದೆ. ಬೆಳಗಾದರೆ ಐತವಾರ. ಅತ್ತೆ ಪೂಜೆ ಮುಗಿಸಿ ಭಂಡಾರದ ತಾಟು ಹಿಡಿದು ಒಳಗೆ ಬಂದರು. ಸೊಸೆಯ ಹಣೆಗೆ ಹಚ್ಚಿದರು, ನನಗೆ ಹಚ್ಚಿದರು. ಮೊಲದ ಹತ್ತಿರ ಕೈ ನಿಂತಿತು.

"ಅದಕ ಬ್ಯಾಡಬೇ ಯವ್ವಾ" ಎಂದರು ಗಂಡ, ಬಾಗಿಲಿನಿಂದ. "ನಿನ್ನೆ ಹೇಳಿ ಹೋಗ್ಯಾರ."

"ಹೇಳ್ಯಾರ ಹೌದು" ಎಂದರು ಅತ್ತೆ. ಕೈ ಹಿಂದೆ ತೆಗೆದುಕೊಂಡರು. ತಾಟನ್ನು ಮಾತ್ರ ಮಂಚದ ಅಂಚಿಗೆ ಇಟ್ಟು, ಸೊಂಟ ಹಿಡಿದುಕೊಂಡು ಕೂತರು.

ತಂಗಿ ತಾಟಿನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಎಡಗೈ ಎತ್ತಿ ತಾಟಿಗೆ ಇಳಿಸಿದಳು. ಚಿಟಿಕೆ ಹಿಡಿಯಲು ಬರಲಿಲ್ಲ, ಮುಷ್ಟಿ ತುಂಬಿ ಬಂತು. ಹಣೆಗೆ ಗುರಿಯಿಟ್ಟದ್ದು ಕಿವಿಗಳ ಮೇಲೆ ಬಿತ್ತು, ಬೆನ್ನ ಮೇಲೆ ಸುರಿಯಿತು, ಹಾಸಿಗೆಯೆಲ್ಲ ಹರಡಿತು. ಮೊಲ ಸೀನಿತು. ಅವಳು ಅಂಗೈಯನ್ನು ನಿಧಾನಕ್ಕೆ ಬಾಲದವರೆಗೆ ಎಳೆದಳು.

ಗಂಡ ನೋಡುತ್ತಾ ನಿಂತಿದ್ದರು. ಆಮೇಲೆ, "ದೀಪಾವಳಿಗಿ ಬರಬ್ಯಾಡ್ರಿ ಅಂತ ಹೇಳಿಬಿಡ್ತೇನಿ ತಗೋ" ಎಂದು ಹೆಂಡತಿಗೆ ಹೇಳಿ, ಚಪ್ಪಲಿ ಮೆಟ್ಟಿ ಹೊಲದ ಕಡೆ ಹೋದರು.

ತಂಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಾಸಿಗೆಯ ಮೇಲುಹಾಸು ಎಳೆದುಕೊಂಡೆ. ಹೊರಗೆ ಕೊಡವಿ ಬಕೀಟಿಗೆ ಹಾಕಿದೆ. ಅರಿಶಿಣಕ್ಕೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ. ಮೊದಲು ಬರೀ ನೀರಲ್ಲಿ ಹಿಂಡಿ ಬಿಸಿಲಿಗೆ ಹಾಕಬೇಕು. ನೀರು ತುಂಬಿಕೊಂಡು ಹಿಂಡಲು ಕೂತೆ.