ಕಾಳು ಕಡಿದು ಹೇಳುವ ವೀರಭದ್ರಣ್ಣ

ಭತ್ತದ ಒಂದು ಕಾಳನ್ನು ಕಟಕ್ಕನೆ ಕಡಿದರೆ ಸಾಕು, ಅದರ ಹಸಿ ಎಷ್ಟೆಂದು ವೀರಭದ್ರಣ್ಣ ಹೇಳಿಬಿಡುತ್ತಿದ್ದರು. ದೇವದುರ್ಗದ ಕಡೆಯವರು. ಮಾನ್ವಿಯ ನಮ್ಮ ರೈಸ್ ಮಿಲ್ಲಿನಲ್ಲಿ ಮಾಲು ನೋಡುವ ಕೆಲಸ. ನಾನು ಅವರ ಕೈಕೆಳಗಿನವನು. ಮಾಲೀಕರು ತೇವ ಅಳೆಯುವ ಯಂತ್ರ ತಂದಾಗ, "ಇದಕ್ಕ ಹಲ್ಲೇ ಇಲ್ಲ, ಏನ್ ತಿಳಿತದ್ರೀ?" ಅಂದಿದ್ದರು. ಯಂತ್ರವೂ ಅವರು ಹೇಳಿದ್ದನ್ನೇ ತೋರಿಸಿದಾಗ ಅದರ ಬೆನ್ನು ತಟ್ಟಿ, "ಜಾಣ ಅದ, ಕಲೀತದ" ಎಂದು ಹಮಾಲರನ್ನೆಲ್ಲ ನಗಿಸಿದ್ದರು.

ಅಂಥವರು ಒಂದು ಮಳೆಗಾಲದಲ್ಲಿ ಮಾತು ಬಿಟ್ಟರು. ಬುತ್ತಿ ಬಿಚ್ಚದೆ ಹಾಗೇ ಒಯ್ಯುತ್ತಿದ್ದರು. ಒಂದು ದಿನ ನನ್ನೊಬ್ಬನಿಗೇ ಹೇಳಿದರು:

"ಕಾಳು ಕಡದ್ರ ಏನೂ ಗೊತ್ತಾಗವಲ್ದು ತಮ್ಮಾ. ಮಣ್ಣು ಕಡದಂಗ ಆಗ್ತದ."

ದಣಿದಿದ್ದಾರೆ ಅಂದುಕೊಂಡೆ. ಮಾಲೀಕರಿಗೆ ತಿಳಿಯದಿರಲೆಂದು ನಾನೇ ಯಂತ್ರ ಹಿಡಿದು ಅವರ ಹೆಸರಿನಲ್ಲಿ ಚೀಟಿ ಬರೆಯತೊಡಗಿದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಹೆಮ್ಮೆ ಬೇರೆ.

ಅವರ ಹೆಂಡತಿ ಶರಣಮ್ಮಕ್ಕ ನೀರಮಾನ್ವಿ ಎಲ್ಲಮ್ಮನಿಗೆ ಉಡಿ ತುಂಬಿ ಬಂದರು. ಅಷ್ಟಕ್ಕೇ ಸುಮ್ಮನಾಗದೆ ದವಾಖಾನೆಯ ನರ್ಸಮ್ಮನನ್ನೂ ಕೇಳಿದರು. "ಇದು ಮನಸಿನ ಜಡ್ಡು, ಲಗೂನ ರಾಯಚೂರಿಗೆ ಒಯ್ಯಿರಿ ಅಂದಾರ. ನೀ ಜೊತಿಗೆ ಬಾ ತಮ್ಮಾ" ಎಂದು ಮಿಲ್ಲಿಗೇ ಬಂದರು.

ಅಷ್ಟರಲ್ಲಿ ಮಳೆಗಾಲ ಕಳೆದು ಸುಗ್ಗಿ ಬಂದಿತ್ತು. ಗೇಟಿನಿಂದ ರಸ್ತೆಯವರೆಗೂ ಭತ್ತದ ಟ್ರ್ಯಾಕ್ಟರ್‌ಗಳ ಸಾಲು. "ಸುಗ್ಗಿ ಮುಗೀಲಿ ಅಕ್ಕಾ, ನಾನ ಕರಕೊಂಡು ಹೋಗ್ತೀನಿ. ಹುಚ್ಚರ ಡಾಕ್ಟರ್ ಕಡೆ ಹೋದ್ರಂತ ಊರಾಗ ಗೊತ್ತಾದ್ರ ಅಣ್ಣನ ಮರ್ಯಾದಿ ಏನಾಗಬೇಕು?" ಅಂದೆ. ವೀರಭದ್ರಣ್ಣ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು.

ಮರುದಿನ ಮಧ್ಯಾಹ್ನ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀ ಭಾಳ ಛಲೋ ನೋಡ್ತಿ ತಮ್ಮಾ. ಇನ್ನ ಇಲ್ಲಿ ನನ್ನ ಕೆಲಸೇನಿಲ್ಲ" ಅಂದರು. ಗುರುವಿನ ಬಾಯಲ್ಲಿ ಹೊಗಳಿಕೆ! ನಾನು ಹಿಗ್ಗಿಹೋದೆ. ನಾಲ್ಕನೇ ದಿನ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು.

ಆ ಹಿಗ್ಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ದಿನಕರ್ಮ ಮುಗಿದರೂ ಶರಣಮ್ಮಕ್ಕನಿಗೆ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ. ಟ್ರ್ಯಾಕ್ಟರ್‌ಗಳು ಇನ್ನೂ ನಿಂತೇ ಇದ್ದವು. ಮಿಲ್ಲು ಬಿಟ್ಟು, ಮೊದಲ ಬಸ್ಸಿಗೆ ಅಕ್ಕನನ್ನು ರಾಯಚೂರಿಗೆ ಕರೆದೊಯ್ದೆ. ಡಾಕ್ಟರು ಸಮಾಧಾನದಿಂದ ಎಲ್ಲ ಕೇಳಿದರು. ಇದೂ ಜ್ವರದಂತೆ ಒಂದು ಕಾಯಿಲೆ, ಬೇಗ ಬಂದು, ನಡುವೆ ಬಿಡದೆ ಔಷಧಿ ತೆಗೆದುಕೊಂಡರೆ ಹೆಚ್ಚಿನವರು ಗುಣವಾಗುತ್ತಾರೆ ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಅಕ್ಕ, ಗುಳಿಗೆಯ ಚೀಟಿಯನ್ನು ಮಡಚುತ್ತ ನನ್ನನ್ನು ಕೇಳಿದರು:

"ಬರೇ ಒಂದೂವರಿ ತಾಸಿನ ದಾರಿ ಅಲ್ಲೇನೋ ತಮ್ಮಾ ಇದು?"