ಮಜ್ಜಿಗೆ ಕೇಳುತ್ತಿದ್ದ ಗಿರಿಜಾ ಮೇಡಂ

ಯಾರ ಮನೆಗೆ ಹೋದರೂ ಗಿರಿಜಾ ಮೇಡಂ ಕಾಫಿ ಬೇಡವೆಂದು ಮಜ್ಜಿಗೆ ಕೇಳುತ್ತಿದ್ದರು. ಕುಡಿಯುವುದಕ್ಕಲ್ಲ. ವ್ಯಾನಿಟಿ ಬ್ಯಾಗಿನಿಂದ ಕುದಿಸಿ ಒಣಗಿಸಿದ ಪುಟ್ಟ ಬಾಟಲಿ ತೆಗೆದು ಒಂದಿಷ್ಟು ತುಂಬಿಸಿಕೊಂಡು, "ಹೆಪ್ಪು ಎಲ್ಲಿಂದ ತಂದಿದ್ದು? ತವರುಮನೇದಾ?" ಎಂದು ವಿಚಾರಿಸುತ್ತಿದ್ದರು. ಭದ್ರಾವತಿಯ ನಮ್ಮ ಮನೆಯಲ್ಲೂ ಹಾಗೇ ಮಾಡಿದರು. ಅವರು ಹೋದ ಮೇಲೆ ಅಮ್ಮ, "ಏನೇ ಮಾರಾಯ್ತಿ, ನಿಮ್ಮ ಮೇಡಂಗೆ ನಮ್ಮ ಮಜ್ಜಿಗೆ ಮೇಲೆ ಅನುಮಾನಾನಾ?" ಎಂದಳು.

ತೊಂಬತ್ತರ ದಶಕದ ಕೊನೆ. ನಾನು ಶಿವಮೊಗ್ಗದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ, ಅವರು ನಮ್ಮ ಅಧ್ಯಾಪಕಿ. ವಿದ್ಯಾನಗರದಲ್ಲಿ ಒಬ್ಬರೇ ಇದ್ದರು. ಹಣೆಗೆ ವಿಭೂತಿ, ಇಸ್ತ್ರಿ ಕಾಣದ ಕಾಟನ್ ಸೀರೆ, ಕಾರಿಡಾರಿನ ಆ ತುದಿಗೂ ಕೇಳುವ ಗಂಟಲು.

"ಬ್ಯಾಕ್ಟೀರಿಯಾನ ಬ್ಯಾಕ್ಟೀರಿಯಾನೇ ಕೊಲ್ಲುತ್ತೆ ಕಣ್ರೇ. ಜಾಗಕ್ಕೆ, ಊಟಕ್ಕೆ ಜಗಳ. ಅದಕ್ಕೆ ಅವು ಮಾಡ್ಕೊಂಡಿರೋ ಆಯುಧ ಒಂದು ಪುಟಾಣಿ ಪ್ರೋಟೀನು" ಎನ್ನುತ್ತಿದ್ದರು. ಅದನ್ನು ಬಳಸಿ ಆಹಾರ ಕೆಡದಂತೆ ಇಡಬಹುದು, ಮುಂದೊಂದು ದಿನ ಮಾಮೂಲಿ ಔಷಧಿಗೆ ಬಗ್ಗದ ರೋಗಾಣುಗಳ ಮೇಲೂ ಬಿಡಬಹುದು ಎಂಬುದು ಅವರ ನಂಬಿಕೆ. ಅಂಥ ಬ್ಯಾಕ್ಟೀರಿಯಾ ಹುಡುಕಲೆಂದೇ ಮನೆಮನೆಯ ಮಜ್ಜಿಗೆ ಕೂಡಿಸುತ್ತಿದ್ದರು. ಸಹೋದ್ಯೋಗಿಗಳು ಬೆನ್ನ ಹಿಂದೆ "ಮಜ್ಜಿಗೆ ಮೇಡಂ" ಎಂದು ನಗುತ್ತಿದ್ದರು.

ಒಮ್ಮೆ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರೊಬ್ಬರಿಗೆ ಮೇಡಂ ಒಂದು ಗಾಜಿನ ತಟ್ಟೆ ತೋರಿಸಿದರು. ತಟ್ಟೆಯ ತುಂಬ ರೋಗಾಣು ಮಸುಕಾಗಿ ಹರಡಿತ್ತು. ನಮ್ಮ ಮನೆಯ ಮಜ್ಜಿಗೆಯ ಬ್ಯಾಕ್ಟೀರಿಯಾ ಬೆಳೆಸಿ ಸೋಸಿದ ರಸ ಹಾಕಿದ ಕಡೆ ಮಾತ್ರ ತಿಳಿಯಾದ ವೃತ್ತ.

"ಇದು ಬರೀ ಹುಳಿ ಕಣಮ್ಮ. ಹುಳಿಗೆ ಏನು ಬೇಕಾದ್ರೂ ಸಾಯುತ್ತೆ" ಎಂದು ಅವರು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.

"ಹುಳಿ ತೆಗೆದು ತೋರಿಸ್ತೀನಿ ಸಾರ್. ನಾಳೆ ಬೆಳಿಗ್ಗೆವರೆಗೂ ಊರಲ್ಲಿರಿ."

"ನಂಗೆ ಬಸ್ಸಿದೆ."

"ಬಸ್ಸು ನಾಳೇನೂ ಇರುತ್ತೆ. ತೀರ್ಪು ಕೊಟ್ಟೋರು ಸಾಕ್ಷಿ ನೋಡದೆ ಹೋಗಬಾರದು."

ಆ ಹಿರಿಯರು ಉಳಿದರು. ಅವರೆದುರೇ ಮೇಡಂ ಕ್ಷಾರ ಬೆರೆಸಿ ರಸದ ಹುಳಿ ಮುರಿದರು. ಅದರಲ್ಲಿ ಅರ್ಧಕ್ಕೆ ಪ್ರೋಟೀನನ್ನು ಕತ್ತರಿಸುವ ಕಿಣ್ವ ಹಾಕಿ, ಎರಡನ್ನೂ ಹೊಸ ತಟ್ಟೆಯ ರೋಗಾಣುವಿನ ಮೇಲೆ ಬಿಟ್ಟರು. ಬೆಳಿಗ್ಗೆ ನೋಡಿದರೆ ಹುಳಿಯಿಲ್ಲದ ರಸದ ಸುತ್ತ ವೃತ್ತ ಹಾಗೇ ಇತ್ತು; ಕಿಣ್ವ ಹಾಕಿದ್ದರ ಸುತ್ತ ವೃತ್ತವೇ ಇರಲಿಲ್ಲ. ಅವರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಪ್ರೋಟೀನೇ" ಎಂದರು. ಮೇಡಂ ಆಗ ಅವರಿಗೆ ಕಾಫಿ ತರಿಸಿದರು.

ಆಮೇಲೆ ಸ್ವಲ್ಪ ದಿನಕ್ಕೆ ಭದ್ರಾವತಿಯಲ್ಲಿದ್ದ ಮೇಡಂ ಅಣ್ಣನ ಕಾಲಿನ ಸುಟ್ಟ ಗಾಯ ಕೀವಾಯಿತು. ಎಷ್ಟು ಔಷಧಿ ಬದಲಿಸಿದರೂ ಮಾಯಲಿಲ್ಲ. ನೋಡಲು ಹೊರಟ ಅವರ ಜೊತೆ ನಾನೂ ಹೋಗಿದ್ದೆ. ಅತ್ತಿಗೆ ಮೇಡಂ ಕೈ ಹಿಡಿದುಕೊಂಡರು. "ರೋಗಾಣು ಸಾಯ್ಸುತ್ತೆ ಅಂತ ನೀನೇ ಹೇಳ್ತೀಯಲ್ಲ ಗಿರಿಜಾ, ಅದನ್ನೇ ಒಂಚೂರು ಹಚ್ಚೇ."

"ತಟ್ಟೇಲಿ ಸಾಯೋದು ಬೇರೆ ಅತ್ತಿಗೆ. ಅಣ್ಣನ ಮೈಯಲ್ಲಿ ಏನಾಗುತ್ತೋ ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹಚ್ಚಲ್ಲ."

"ಒಡಹುಟ್ಟಿದವನಿಗೇ ಆಗದ ವಿದ್ಯೆ ಯಾಕೆ ಬೇಕು?"

ಮೇಡಂ ಎದ್ದರು. ನೇರ ಆಸ್ಪತ್ರೆಗೆ ಹೋಗಿ, ವೈದ್ಯರ ಜೊತೆ ವಾದ ಮಾಡಿ, ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಯಲು ಕೀವನ್ನು ಪರೀಕ್ಷೆಗೆ ಕಳಿಸಿಯೇ ಹೊರಬಂದರು. ವಾಪಸ್ ಬರುವಾಗ, ಬಸ್ಸು ಮಲವಗೊಪ್ಪ ದಾಟಿದ ಮೇಲೆ, ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಚ್ಚಿಬಿಡೋಣ ಅಂತ ನಂಗೂ ಅನ್ನಿಸ್ತು ಕಣೇ." ಕೊನೆಗೆ ಅಣ್ಣನ ಎರಡು ಬೆರಳು ಹೋದವು, ಕಾಲು ಉಳಿಯಿತು. ಅತ್ತಿಗೆ ಮಾತ್ರ ಬಹಳ ಕಾಲ ಅವರೊಂದಿಗೆ ಮಾತಾಡಲಿಲ್ಲ.

ಎರಡು ಸಾವಿರ ಇಸವಿ ಕಳೆದ ಮೇಲೆ ನಮ್ಮ ಪ್ರಯೋಗಾಲಯದ ಕೋಣೆ ಕಂಪ್ಯೂಟರುಗಳಿಗೆ ಬೇಕಾಯಿತು. ಫ್ರಿಜ್ಜಿನಲ್ಲಿದ್ದ ಬ್ಯಾಕ್ಟೀರಿಯಾದ ಸೀಸೆಗಳನ್ನೆಲ್ಲ ಸುಟ್ಟುಬಿಡಿ ಎಂದು ಮೇಲಿನವರು ಹೇಳಿದರು. "ಮೊದಲು ನನ್ನ ಸುಡಿ" ಎಂದ ಮೇಡಂ, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಸೀಸೆಗಳನ್ನು ಇಟ್ಟುಕೊಳ್ಳಲು ಒಪ್ಪಿದ ಮೈಸೂರಿನ ಗೆಳತಿಯ ಪ್ರಯೋಗಾಲಯಕ್ಕೆ ಹೊರಟರು. ಕೆಲವು ವರ್ಷ ಅಲ್ಲೇ ದುಡಿದು, ಅಲ್ಲೇ ತೀರಿಕೊಂಡರು.

ಅವರನ್ನು ನಾನು ಕೊನೆಯದಾಗಿ ನೋಡಿದ್ದು ಶಿವಮೊಗ್ಗದ ರೈಲ್ವೆ ಸ್ಟೇಷನ್ನಿನಲ್ಲಿ, ಅವರನ್ನು ಕಳಿಸಿಕೊಡಲು ಹೋದಾಗ. ಕಿಟಕಿ ಪಕ್ಕ ಮೇಡಂ, ಅವರ ಪಕ್ಕದ ಸೀಟಿನಲ್ಲಿ ಸೀಸೆಗಳಿದ್ದ ಐಸ್ ಡಬ್ಬ. ಒಬ್ಬ ಬಂದು, "ಅಮ್ಮಾ, ಡಬ್ಬ ಕೆಳಗಿಡಿ, ಕೂತ್ಕೋತೀನಿ" ಎಂದ.

"ಅದಕ್ಕೂ ಟಿಕೆಟ್ ತಗೊಂಡಿದೀನಿ" ಎಂದು ಮೇಡಂ ಎರಡು ಟಿಕೆಟ್ ತೆಗೆದು ತೋರಿಸಿದರು.

ಆತ ಟಿಕೆಟ್ ನೋಡಿ, ಡಬ್ಬ ನೋಡಿ, ಮುಂದಿನ ಬೋಗಿಗೆ ಹೋದ. ರೈಲು ಹೊರಟಾಗ ನಾನು ಕೈ ಬೀಸಿದೆ. ಮೇಡಂ ಬೀಸಲಿಲ್ಲ, ಎರಡೂ ಕೈಯಲ್ಲಿ ಡಬ್ಬವನ್ನು ಗಟ್ಟಿಯಾಗಿ ಹಿಡಿದಿದ್ದರು.