ಟೀಚರಮ್ಮನ ಹದಿನಾರು ಮನೆ

ಅವರ ಬಲಗೈಯ ಹೆಬ್ಬೆರಳು ಸುಮ್ಮನಿದ್ದದ್ದನ್ನು ನೋಡುವುದೇ ಅಪರೂಪ. ತೋರುಬೆರಳಿನ ಬುಡದ ಗೆರೆಯಿಂದ ಹೊರಟು, ಒಂದೊಂದೇ ಗೆರೆ ಮುಟ್ಟುತ್ತಾ ತುದಿಗೆ ಹತ್ತಿ, ನಡುಬೆರಳಿನ ಬುಡಕ್ಕೆ ಇಳಿದು, ಮತ್ತೆ ಹತ್ತಿ, ಕಿರುಬೆರಳಿನ ತುದಿ ಮುಟ್ಟುವವರೆಗೆ ಅದಕ್ಕೆ ಸಮಾಧಾನವಿಲ್ಲ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಸೀಮೆಸುಣ್ಣದ ಬಿಳುಪು. ನೀರು ಸೇದುವಾಗ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಈ ಓಡಾಟ. ಆಕೆ ನಮ್ಮ ಶಾಲೆಯ ಲೆಕ್ಕದ ಟೀಚರಮ್ಮ. ಹೊಳೆನರಸೀಪುರದಲ್ಲಿ ನಮ್ಮ ಅಜ್ಜಿಯ ಹೆಂಚಿನ ಮನೆಯ ಪಕ್ಕದ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅಂಚಿಲ್ಲದ ಬಿಳಿ ಸೀರೆ, ಬೋಳು ಹಣೆ.

ನಮ್ಮ ಅಪ್ಪನದು ಹಳೇಕೋಟೆಯ ಕಡೆ ಬೇಸಾಯ. ಹೈಸ್ಕೂಲಿಗೆಂದು ನನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಟೀಚರಮ್ಮ ಬಂದ ಹೊಸತರಲ್ಲಿ ಅಜ್ಜಿ ಗೋಡೆಯ ಮೇಲಿಂದ ಇಣುಕಿ ನೋಡಿ, ಆ ಬೆರಳಾಟಕ್ಕೆ ಸೋತುಹೋದರು.

"ನೋಡಮ್ಮಿ, ಆ ತಾಯಿಗೆ ಅದೆಂಥ ಭಕ್ತಿ! ಕೂತ್ರೂ ಜಪ, ನಿಂತ್ರೂ ಜಪ. ನೀನೂ ಇದೀಯ, ಕೈ ಮುಗಿಯಕ್ಕೂ ಬ್ಯಾಸ್ರ."

ಅದು ಅವರ ಕಿವಿಗೆ ಬಿತ್ತು. "ಅಯ್ಯೋ ಅಜ್ಜಿ, ಜಪ ಅಲ್ಲ, ಹಾಲಿನೋಳ್ದು ಲೆಕ್ಕ ಹಾಕ್ತಿದ್ದೆ. ವಾರದಲ್ಲಿ ಅರ್ಧ ದಿನ ನೀರೇ ಹಾಕವ್ಳೆ" ಅಂದರು. ಅಜ್ಜಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವತ್ತಿನಿಂದ ನಡುವಿನ ಗೋಡೆ ಹೆಸರಿಗಷ್ಟೇ ಉಳಿಯಿತು.

ಆಣೆ ಹೋಗಿ ನಯಾ ಪೈಸೆ ಬಂದ ಕಾಲ ಅದು. ಸೇರು ಹೋಗಿ ಕೆಜಿ ಬರುತ್ತದಂತೆ ಎಂದು ಸಂತೆಯಲ್ಲೆಲ್ಲ ಗಲಾಟೆ. ನಮ್ಮ ಪುಸ್ತಕಗಳಲ್ಲಿ ಇದ್ದಕ್ಕಿದ್ದಂತೆ ದಶಾಂಶದ ಚುಕ್ಕಿಗಳು ಮುತ್ತಿಕೊಂಡವು. ಬೇರೆ ಎಲ್ಲದರಲ್ಲೂ ನಾನು ಹೇಗೋ ತೇಲುತ್ತಿದ್ದೆ; ಆ ಚುಕ್ಕಿ ಕಂಡರೆ ಮಾತ್ರ ಬಳಪ ಅಲ್ಲೇ ನಿಲ್ಲುತ್ತಿತ್ತು. ಎತ್ತ ಸರಿಸಬೇಕು, ಎಷ್ಟು ಸರಿಸಬೇಕು, ಒಂದೂ ತಿಳಿಯದು.

ಮುಂದಿನ ಮಾರ್ಚಿಗೆ ಎಸ್ಸೆಸ್ಸೆಲ್ಸಿ. ಅಪ್ಪ ಊರಿನಿಂದ ರಾಗಿ ಮೂಟೆ ಇಳಿಸಲು ಬಂದವರು ಜಗಲಿಯಲ್ಲಿ ಕೂತು ಖಡಾಖಂಡಿತವಾಗಿ ಹೇಳಿದ್ದರು: "ಪಾಸಾದ್ರೆ ಹಾಸನಕ್ಕೆ ಟ್ರೈನಿಂಗ್ ಕಳುಸ್ತೀನಿ ಕಣವ್ವಾ, ನೀನೂ ಟೀಚರಾಗು. ಇಲ್ದಿದ್ರೆ ಅರಕಲಗೂಡಿನೋರು ಕೇಳ್ತಾವ್ರೆ, ಮಾತು ಕೊಟ್ಬುಡ್ತೀನಿ. ಆಮ್ಯಾಕೆ ಅಳಂಗಿಲ್ಲ." ನನಗೆ ಟೀಚರಾಗಬೇಕಿತ್ತು. ಪಕ್ಕದ ಕೋಣೆಯ ಟೀಚರಮ್ಮನ ಹಾಗೆ ನನ್ನ ಉಗುರಿನಲ್ಲೂ ಸೀಮೆಸುಣ್ಣ ಇರಬೇಕು ಎನ್ನುವುದೊಂದೇ ಆಸೆ.

ಒಂದು ಸಂಜೆ ನಾನು ಸ್ಲೇಟು ಹಿಡಿದು ಅಳುತ್ತಾ ಕೂತಿದ್ದಾಗ ಅವರೇ ಬಂದರು. ಅಳುವಿನ ಕಾರಣ ಕೇಳಿ, "ಚುಕ್ಕಿ ಕಂಡ್ರೆ ಹೆದರ್ತೀಯಲ್ಲೇ! ಹಣೇಲಿ ದಿನಾ ಇಟ್ಕೊಂಡೇ ಓಡಾಡ್ತೀಯ" ಅಂದರು. ಅಂದಮೇಲೆ ತಮ್ಮ ಹಣೆ ನೆನಪಾಯಿತೋ ಏನೋ, ಸೆರಗನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ನನ್ನ ಬಲಗೈ ಹಿಡಿದುಕೊಂಡರು.

ಅವರ ತಂದೆ ನುಗ್ಗೇಹಳ್ಳಿಯ ಕಡೆ ಕೂಲಿಮಠ ನಡೆಸುತ್ತಿದ್ದವರು. ಊರಿನ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುವ ಹಳೆಯ ಕಾಲದ ಮಠ. ಆ ತಂದೆ ಮಗಳಿಗೆ ಕೊಟ್ಟ ಆಸ್ತಿ ಈ ಕೈ ಲೆಕ್ಕ. ಒಂದು ಬೆರಳಿಗೆ ಮೂರು ಗೆರೆ, ಒಂದು ತುದಿ, ಒಟ್ಟು ನಾಲ್ಕು ಮನೆ. ನಾಲ್ಕು ಬೆರಳಿಗೆ ಹದಿನಾರು ಮನೆ. ಇಡೀ ಕೈ ಎಂದರೆ ಒಂದು ಪೂರ್ಣ. ಒಂದು ಬೆರಳು ಕಾಲು, ಎರಡು ಬೆರಳು ಅರೆ, ಎರಡು ಮನೆ ಅರೆಕಾಲು, ಒಂದೇ ಮನೆ ವೀಸ. ಇಷ್ಟು ನನ್ನ ಅಜ್ಜಿಗೂ ಗೊತ್ತಿತ್ತು. ಟೀಚರಮ್ಮ ಅದಕ್ಕೆ ಚುಕ್ಕಿಯನ್ನು ಜೋಡಿಸಿದ್ದರು.

"ಪಾಯಿಂಟ್ ಒಂದು ಎರಡು ಐದು ಅಂದ್ರೆ ಯಾರೇ? ನಮ್ಮ ಅರೆಕಾಲಮ್ಮನೇ ಕಣೇ. ಹೊಸ ಸೀರೆ ಉಟ್ಕೊಂಡು ಬಂದವ್ಳೆ, ಗುರುತು ಸಿಕ್ತಿಲ್ಲ ಅಷ್ಟೆ. ಬಾ ತಾಯಿ ಅಂತ ಒಳಕ್ಕೆ ಕರಿ."

ದೀಪ ಹಚ್ಚುವ ಹೊತ್ತಿಗೆ ನಾವಿಬ್ಬರೂ ಜಗಲಿಯಲ್ಲಿ ಕೂತು ಹದಿನಾರು ಮನೆಗೂ ದಶಾಂಶ ಹೇಳುತ್ತಿದ್ದೆವು. ಒಂದನೇ ಮನೆಗೆ ಪಾಯಿಂಟ್ ಸೊನ್ನೆ ಆರು ಎರಡು ಐದು, ಎರಡನೇ ಮನೆಗೆ ಪಾಯಿಂಟ್ ಒಂದು ಎರಡು ಐದು, ಹೀಗೆ ಹಾಡಿನ ಹಾಗೆ. ಒಳಗೆ ರೊಟ್ಟಿ ತಟ್ಟುತ್ತಿದ್ದ ಅಜ್ಜಿ, "ಇದ್ಯಾವ ದೇವ್ರ ಸಹಸ್ರನಾಮನೋ ಕಾಣೆ" ಎಂದು ಗೊಣಗುತ್ತಲೇ ತಾವೂ ಬೆರಳು ಎಣಿಸುತ್ತಿದ್ದರು.

ಕೈಗೆ ಕೂರದ ಲೆಕ್ಕಗಳೂ ಇದ್ದವು. "ಹದಿನಾರರಲ್ಲಿ ಹೋಗದಿರೋದನ್ನ ಕಾಗದದ ಮೇಲೆ ಮಾಡು, ಅಲ್ಲಿ ಬೆರಳು ಆಡಿಸ್ಬೇಡ" ಎಂದು ಬಿಡಿಸಿ ಹೇಳಿದ್ದರು. "ಕೈಗೆ ಕೂರೋದಕ್ಕೆ ಮಾತ್ರ ಹಂತ ಹಂತದ ಹಾದಿ ಬರೀತಾ ಕೂರ್ಬೇಡ, ನೇರ ಉತ್ತರ ಬರಿ. ಉಳಿದ ಹೊತ್ತು ಬೀಜಗಣಿತಕ್ಕೆ ಬೇಕು. ಶಾಲೆ ಪರೀಕ್ಷೆ ಪೇಪರು ನೋಡೋಳು ನಾನೇ ಅಲ್ವೇ?"

ತರಗತಿಯಲ್ಲಿ ಮಾತ್ರ ಅವರು ಬೇರೆ ಮನುಷ್ಯರು. ಬೋರ್ಡಿನ ಮೇಲೆ ಪುಸ್ತಕದಲ್ಲಿರುವ ಹಾಗೆಯೇ ಬರೆಯುವರು. ಬರೆಯದಿದ್ದಾಗ ಬಲಗೈ ಸೆರಗಿನೊಳಗೆ. ಹೆಡ್ಮೇಷ್ಟ್ರಿಗೆ ಬೆರಳೆಣಿಕೆ ಕಂಡರೆ ಆಗದು. "ಇದು ಹೈಸ್ಕೂಲು, ಕೂಲಿಮಠ ಅಲ್ಲ" ಎಂದು ಒಮ್ಮೆ ಎಲ್ಲರೆದುರು ಅಂದಿದ್ದರಂತೆ.

ಪಬ್ಲಿಕ್ ಪರೀಕ್ಷೆಗೆ ಯಾರನ್ನು ಕಳುಹಿಸಬೇಕು ಎಂದು ತೀರ್ಮಾನಿಸಲು ಶಾಲೆಯೇ ಮೊದಲು ಒಂದು ಸೆಲೆಕ್ಷನ್ ಪರೀಕ್ಷೆ ಮಾಡುತ್ತಿತ್ತು. ಅದರ ಹಿಂದಿನ ಶನಿವಾರ ಟೀಚರಮ್ಮ ನನ್ನನ್ನು ನರಸಿಂಹಸ್ವಾಮಿ ಗುಡಿಗೆ ಕರೆದುಕೊಂಡು ಹೋದರು. ತುಳಸಿ ತೀರ್ಥ ತೆಗೆದುಕೊಂಡು ಹೊರಗೆ ಬಂದಾಗ, "ಟೀಚರ್, ಫೇಲಾದ್ರೆ?" ಎಂದೆ.

"ಯಾಕಾಗ್ತೀಯ? ಸ್ವಾಮಿ ಮುಂದೆ ಹೇಳ್ತಿದೀನಿ, ನಿನ್ನ ಕೈ ನಾನು ಬಿಡಲ್ಲ ಕಣೇ."

ದೇವರ ಎದುರು ಆಡಿದ ಮಾತು ಎಂದು ನಾನು ಅದನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಪರೀಕ್ಷೆ ಸಲೀಸಾಯಿತು. ಪಾಯಿಂಟ್ ನಾಲ್ಕು ಮೂರು ಏಳು ಐದನ್ನು ನಲವತ್ತೆಂಟರಿಂದ ಗುಣಿಸಿ ಎಂದು ಒಂದು ಲೆಕ್ಕ. ಅದು ಏಳನೆಯ ಮನೆ, ನಡುಬೆರಳಿನ ಮೇಲಿನ ಗೆರೆ. ನಲವತ್ತೆಂಟನ್ನು ಹದಿನಾರು ಮನೆಗೆ ಹಂಚಿದರೆ ಮನೆಗೆ ಮೂರು. ಏಳು ಮೂರಲೆ ಇಪ್ಪತ್ತೊಂದು. ಬರೆದೆ. ಅಂಥವೇ ಇನ್ನೂ ಕೆಲವು ಬಂದಿದ್ದವು, ನಗುನಗುತ್ತಾ ಬರೆದೆ.

ನಮ್ಮ ದುರದೃಷ್ಟಕ್ಕೆ ಆ ವರ್ಷ ಲೆಕ್ಕದ ಪೇಪರುಗಳನ್ನು ಹೆಡ್ಮೇಷ್ಟ್ರೇ ತರಿಸಿಕೊಂಡು ನೋಡಿದರು. ನನ್ನನ್ನು ಅವರ ಕೋಣೆಗೆ ಕರೆಸಿದರು. ಟೀಚರಮ್ಮನೂ ಅಲ್ಲಿದ್ದರು, ಮೇಜಿನ ಪಕ್ಕದಲ್ಲಿ ನಿಂತಿದ್ದರು.

"ಏನಮ್ಮಾ, ಹಾದಿ ಇಲ್ದೆ ಉತ್ತರ ಎಲ್ಲಿಂದ ಬಂತು? ಪಕ್ಕದಲ್ಲಿ ಕೂತಿದ್ದೋಳ ಉತ್ತರಾನೂ ಇದೇ. ಅವ್ಳು ಹಾದಿ ಬರೆದವ್ಳೆ, ನೀನು ಬರೆದಿಲ್ಲ. ಯಾರು ಯಾರದ್ದನ್ನ ನೋಡಿರ್ಬೇಕು?"

"ನೋಡಿಲ್ಲ ಸಾ. ಕೈಲಿ ಮಾಡ್ದೆ."

"ಕೈಲಿ?"

"ಬೆರಳಲ್ಲಿ ಸಾ. ಟೀಚರ್ ಹೇಳ್ಕೊಟ್ಟವ್ರೆ."

ಅವರು ನಕ್ಕರು. "ಓಹೋ! ಹಂಗಾದ್ರೆ ಬೆರಳಲ್ಲೇ ಮಾಡು, ನೋಡೋಣ. ಪಾಯಿಂಟ್ ಮೂರು ಏಳು ಇಂಟು ಇಪ್ಪತ್ತೊಂಬತ್ತು."

ಅದು ಹದಿನಾರರಲ್ಲಿ ಹೋಗುವ ಲೆಕ್ಕವಲ್ಲ. ಕಾಗದ ಕೊಟ್ಟಿದ್ದರೆ ಮಾಡುತ್ತಿದ್ದೆ. ಕೈಯಲ್ಲಿ ಅದಕ್ಕೆ ಮನೆಯೇ ಇಲ್ಲ. ನನ್ನ ಹೆಬ್ಬೆರಳು ಒಂದನೇ ಮನೆಯಿಂದ ಹದಿನಾರರವರೆಗೆ ಹೋಗಿ, ಎಲ್ಲೂ ಜಾಗ ಸಿಗದೆ, ಹಿಂದಕ್ಕೆ ಬಂತು. ಇದನ್ನು ವಿವರಿಸಿ ಹೇಳುವ ಬಾಯಿ ನನಗಿರಲಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದ ಇನ್ನೊಬ್ಬರು ಟೀಚರಮ್ಮ ಮಾತ್ರ. "ಸಾರ್, ಹದಿನಾರರಲ್ಲಿ ಹೋಗೋದೊಂದು ಕೊಟ್ಟು ನೋಡಿ" ಎಂದಿದ್ದರೆ ಸಾಕಿತ್ತು. ನಾನು ಅವರ ಮುಖವನ್ನೇ ನೋಡಿದೆ.

"ಏನ್ರೀ, ಇದು ನೀವು ಹೇಳಿಕೊಟ್ಟಿದ್ದಾ?" ಎಂದು ಹೆಡ್ಮೇಷ್ಟ್ರು ಕೇಳಿದರು.

"ನಾನು ಹೇಳಿಕೊಡೋದು ಬೋರ್ಡಿನ ಮೇಲಿರೋದು ಸಾರ್" ಎಂದರು ಟೀಚರಮ್ಮ.

ಸುಳ್ಳೇನೂ ಅಲ್ಲ, ನೋಡಿ. ತರಗತಿಯಲ್ಲಿ ಅವರು ಹೇಳಿಕೊಡುತ್ತಿದ್ದದ್ದು ಅದೇ. ಆದರೆ ಅವರ ಬಲಗೈ ಸೆರಗಿನೊಳಗಿತ್ತು, ಸೆರಗು ತೆಳುವಾಗಿತ್ತು. ಹೆಬ್ಬೆರಳು ಒಳಗೆ ಓಡುತ್ತಿದ್ದದ್ದು ನನಗೆ ಕಾಣಿಸಿತು. ನಡುಬೆರಳಿನ ಮೇಲಿನ ಗೆರೆಯನ್ನು ಮತ್ತೆ ಮತ್ತೆ ಮುಟ್ಟಿದ್ದೂ ಕಾಣಿಸಿತು. ನನ್ನ ಉತ್ತರ ಸರಿ ಎಂದು ಅವರ ಕೈ ಹೇಳುತ್ತಿತ್ತು, ಬಾಯಿ ಹೇಳಲಿಲ್ಲ. ಅವತ್ತು ಆಕೆ ಬಿಟ್ಟದ್ದು ನನ್ನ ಕೈಯೊಂದನ್ನೇ ಅಲ್ಲ, ಆ ವಿದ್ಯೆ ಕೊಟ್ಟ ತಮ್ಮ ತಂದೆಯ ಕೈಯನ್ನೂ ಎಂದು ನನಗೆ ಅನ್ನಿಸಿದ್ದು ಬಹಳ ತಡವಾಗಿ.

ನನ್ನನ್ನು ಪರೀಕ್ಷೆಗೆ ಕಳುಹಿಸಲಿಲ್ಲ. ಕಾಪಿ ಹೊಡೆದವಳು ಎಂಬ ಹೆಸರು ನನಗಿಂತ ಮುಂಚೆ ಬೀದಿಗೆ ಬಂದಿತ್ತು.

ಸಂಜೆ ಟೀಚರಮ್ಮ ನಮ್ಮ ಬಾಗಿಲಿಗೆ ಬಂದು ನಿಂತರು. ಹೊಸಿಲು ದಾಟಲಿಲ್ಲ. ನಾನು ತಲೆ ಎತ್ತಲಿಲ್ಲ. "ನಂದು ಇನ್ನೂ ಪರ್ಮನೆಂಟ್ ಆಗಿಲ್ಲ ಕಣೇ. ಊರಲ್ಲಿ ಅಮ್ಮ ಇದಾರೆ" ಎಂದರು. ಅಷ್ಟೇ.

ಅಜ್ಜಿ ಒಲೆಯ ಮುಂದಿನಿಂದ ಏಳದೆಯೇ ಕೇಳಿದರು: "ನಿಂದು ಪರ್ಮನೆಂಟು ಆಯ್ತದೆ ಬುಡವ್ವಾ. ನಮ್ಮ ಹುಡ್ಗೀದು ಯಾವಾಗ?"

ಅವರು ಹೊರಟುಹೋದರು. ಅಪ್ಪ ಅರಕಲಗೂಡಿನವರಿಗೆ ಮಾತು ಕೊಟ್ಟರು. ನನ್ನ ಮದುವೆಗೆ ಮುಂಚೆಯೇ ಟೀಚರಮ್ಮ ಚನ್ನರಾಯಪಟ್ಟಣದ ಕಡೆಯ ಒಂದು ಶಾಲೆಗೆ ಹೋದರು. ಹೋಗುವಾಗ ಅಜ್ಜಿಗೆ ಹೇಳಿ ಹೋದರು, ನನಗೆ ಹೇಳಲಿಲ್ಲ.

ದೇವರು ನನಗೇನೂ ಕಡಿಮೆ ಮಾಡಲಿಲ್ಲ, ಮಾಡಿದ ಎಂದರೆ ನಾಲಿಗೆ ಬಿದ್ದೀತು. ಗಂಡ ಸಾಧು, ಕುಡಿತವಿಲ್ಲ, ಕೈ ಎತ್ತಿದವರಲ್ಲ. ಮನೆಯ ಹಿಂದೆಯೇ ಬಾವಿ. ಅತ್ತೆಯ ಮಾತು ಒರಟು, ಮನಸ್ಸು ಮೆದು. ಸೇರಿನ ಬದಲು ಕೆಜಿ ಬಂದಾಗ ನಮ್ಮ ಬೀದಿಯ ಹೆಂಗಸರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು: "ಅಕ್ಕಾ, ಮುಕ್ಕಾಲು ಕೆಜಿಗೆ ಅಂಗ್ಡಿಯೋನು ಇಷ್ಟು ಹೇಳ್ತಾವ್ನೆ, ಸರಿಯಾ?" ನಾನು ಬೆರಳು ಆಡಿಸಿ ಹೇಳುತ್ತಿದ್ದೆ. ಅತ್ತೆ ಹೆಮ್ಮೆಯಿಂದ, "ನಮ್ಮ ಸೊಸೆ ಹೈಸ್ಕೂಲು" ಎನ್ನುವರು. ನಾನು ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ, ಅರವತ್ತರ ದಶಕ ಮುಗಿಯುತ್ತಾ ಬಂದಾಗ, ಒಂದು ಮದುವೆ ಮುಗಿಸಿಕೊಂಡು ಹಿರೀಸಾವೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಜೊತೆಯಲ್ಲಿ ನನ್ನ ಮಗಳು. ಹೋಟೆಲಿನ ಮುಂದಿನ ಬೆಂಚಿನಲ್ಲಿ ಬಿಳಿ ಸೀರೆಯ ಹೆಂಗಸೊಬ್ಬರು ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ನೋಡುವ ಮೊದಲೇ ಹೆಬ್ಬೆರಳು ನೋಡಿ ಗುರುತು ಹಿಡಿದೆ.

ಅವರಿಗೂ ಗುರುತಾಯಿತು. "ನೀನಲ್ವೇ?" ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಾನು ಕೂತೆ. ಹಿರಿಯರು ಕರೆದಾಗ ನಿಂತೇ ಇರುವುದು ನನಗೆ ಬಾರದು. ಗಂಡ, ಮನೆ, ಅಜ್ಜಿ ತೀರಿಕೊಂಡದ್ದು, ಎಲ್ಲ ಕೇಳಿದರು. ಆಮೇಲೆ ಮಗಳ ಬಲಗೈ ಹಿಡಿದು, ಅವಳ ಹೆಬ್ಬೆರಳನ್ನು ತೋರುಬೆರಳಿನ ಬುಡಕ್ಕೆ ತಂದು, "ಇಲ್ನೋಡು ಪುಟ್ಟಾ, ಇದು ಒಂದನೇ ಮನೆ..." ಎಂದು ಶುರುಮಾಡಿದರು.

ನಾನು ಮಗಳ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. "ಅದನ್ನ ನಾನು ಹೇಳ್ಕೊಟ್ಟಿದೀನಿ ಟೀಚರ್. ಎಲ್ಲಿ ಕಲಿತೆ ಅಂತ ಯಾರಾದ್ರೂ ಕೇಳಿದ್ರೆ, ನಮ್ಮಮ್ಮ ಹೇಳ್ಕೊಟ್ಟಿದ್ದು ಅನ್ನು ಅಂತಾನೂ ಹೇಳಿದೀನಿ. ಯಾರ ಮುಂದೆ ಬೇಕಾದ್ರೂ ಬಂದು ನಿಂತ್ಕೋತೀನಿ."

ಅವರ ಬೆರಳು ನಿಂತಿತು. ನನ್ನ ಜನ್ಮದಲ್ಲಿ ನಾನು ಅದನ್ನು ನಿಂತದ್ದು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಬಸ್ಸು ಬಂತು. ನಾನು ಎದ್ದಾಗ ಅವರು ತಗ್ಗಿದ ದನಿಯಲ್ಲಿ, "ಆ ಲೆಕ್ಕ... ಇಪ್ಪತ್ತೊಂದೇ ಕಣೇ. ಸರಿಯಾಗೇ ಇತ್ತು" ಎಂದರು.

"ನಂಗೊತ್ತಿತ್ತು ಟೀಚರ್. ಹೇಳ್ಬೇಕಾಗಿದ್ದಿದ್ದು ನನಗಲ್ಲ."

ಅಷ್ಟು ಹೇಳಿ ಬಸ್ಸು ಹತ್ತಿಬಿಟ್ಟೆ. ಕಾಲು ಮುಟ್ಟಿ ನಮಸ್ಕಾರ ಮಾಡಲಿಲ್ಲ. ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ. ಮಗಳು ಮಾತ್ರ ಕೈ ಬೀಸಿದಳು.

ಟೀಚರಮ್ಮ ತೀರಿಹೋದ ಸುದ್ದಿ ನನಗೆ ತಲುಪಿದ್ದು ಎಲ್ಲ ಕಾರ್ಯಗಳೂ ಮುಗಿದ ಮೇಲೆ, ಚನ್ನರಾಯಪಟ್ಟಣದಿಂದ ಬಂದ ನೆಂಟರ ಬಾಯಲ್ಲಿ. ಅಳು ಬರಲಿಲ್ಲ. ಅವತ್ತು ಸಂಜೆ ಎಂದಿನಂತೆ ದೀಪ ಹಚ್ಚಿ ನರಸಿಂಹಸ್ವಾಮಿಯ ಪಟದ ಮುಂದೆ ಕೂತೆ. ನನ್ನ ಹತ್ತಿರ ಜಪಮಣಿ ಇಲ್ಲ. ಮೊದಲಿನಿಂದಲೂ ಅವರು ಹೇಳಿಕೊಟ್ಟ ಹದಿನಾರು ಮನೆಯಲ್ಲೇ ನನ್ನ ಜಪ. ಅಂಗಡಿಯ ಲೆಕ್ಕ, ಮಗಳ ಪಾಠ, ದೇವರು ಮಾಡಿದ ಉಪಕಾರಗಳು, ಎಲ್ಲವನ್ನೂ ಎಣಿಸುವುದು ಆ ಕೈಯಲ್ಲೇ. ಅವರನ್ನು ಬಿಟ್ಟು ಎಣಿಸುತ್ತೇನೆಂದರೆ ನನಗೆ ಬೇರೆ ಕೈ ಇಲ್ಲ.

ಕ್ಷಮಿಸಿದೆಯಾ ಎಂದು ಸ್ವಾಮಿ ಕೇಳಿದರೆ ಸುಳ್ಳು ಹೇಳಲಾರೆ. ದಿನಾ ಪ್ರಯತ್ನ ಮಾಡುತ್ತೇನೆ. ತೋರುಬೆರಳು ಮುಗಿಯುತ್ತದೆ, ನಡುಬೆರಳಿನ ಗೆರೆಗಳನ್ನು ಹತ್ತುತ್ತೇನೆ. ಏಳನೆಯ ಮನೆಗೆ ಬಂದಾಗ ಹೆಬ್ಬೆರಳು ಒಂದು ಗಳಿಗೆ ತಡೆಯುತ್ತದೆ. ಆಮೇಲೆ ಎಂಟಕ್ಕೆ ಹೋಗುತ್ತದೆ.